ಕೊನೆಯ ಹೆಸರು

ಮೊದಲ ಹೆಸರು, ಕೊನೆಯ ಹೆಸರು. ಎರಡು ಖಾಲಿ ಚೌಕ.
ಮೊದಲನೆಯದು ಸುಲಭ: ನಿಶ್ಮಿತಾ.
ಎರಡನೆಯದರಲ್ಲಿ ಬಿ ಎಂದು ಒತ್ತಿದೆ.
ಕೆಂಪಾಯಿತು ಪರದೆ.
ಕನಿಷ್ಠ ಎರಡು ಅಕ್ಷರ ಬೇಕಂತೆ.

ಬಿ ಬಂದದ್ದು ಹೀಗೆ:
ಒಂದನೇ ಕ್ಲಾಸಿನಲ್ಲಿ ಇಬ್ಬರು ನಿಶ್ಮಿತಾ.
ಲೆತೀಸಿಯಾ ಟೀಚರು ಹಾಜರಿ ಪುಸ್ತಕದ ಮೇಲೆ ಪೆನ್ನು ತಡೆದು
ನಿನ್ನ ಮನೆ ಎಲ್ಲಿ ಅಂದರು. ಬೋಳೂರು ಅಂದೆ.
ಅವಳದು ಕುದ್ರೋಳಿ.
ನಾನು ಬಿ, ಅವಳು ಕೆ.
ಅಷ್ಟೇ. ಅಪ್ಪನದಲ್ಲ, ಅಜ್ಜನದಲ್ಲ;
ಹದಿನೇಳು ವರ್ಷ ಆ ಒಂದು ಅಕ್ಷರ
ಅಂಕಪಟ್ಟಿಯಿಂದ ಅಂಕಪಟ್ಟಿಗೆ ದಾಟಿತು
ಹಿಂದೊಂದು ಚುಕ್ಕಿ ಕಟ್ಟಿಕೊಂಡು,
ಬೋಟಿನ ಹಿಂದಿನ ಪುಟ್ಟ ಪಾತಿಯ ಹಾಗೆ.

ಆಧಾರಿನಲ್ಲಿ ಕರ್ಕೇರ. ಅದು ಅಮ್ಮನ ಬರಿ.
ನಮ್ಮಲ್ಲಿ ಬರಿ ಅಂದರೆ ಬರಿದಲ್ಲ, ತುಂಬಿದ್ದು.
ಪಾಸ್‌ಪೋರ್ಟಿನವರು ಅಕ್ಷರ ಬಿಡಿಸಿ ಅಂದರು.
ಸಿಗಡಿ ಸುಲಿದ ಹಾಗೆ ಬಿಡಿಸಿದೆ:
ಒಳಗೆ ಬೋಳೂರು.

ಕೋರ್ಟುಗುಡ್ಡೆಯ ನೋಟರಿ ಕಿಣಿಯವರು
ಕನ್ನಡಕದ ಮೇಲಿಂದ ನನ್ನನ್ನು ಎಣಿಸಿದರು.
ಬಿ, ಕರ್ಕೇರ, ಬೋಳೂರು,
ಮೂವರೂ ಒಬ್ಬಳೇ ಎಂದು ನಾನೇ ಪ್ರಮಾಣ ಮಾಡಬೇಕಂತೆ.
ಮಾಡಿದೆ. ಮುನ್ನೂರು ರೂಪಾಯಿ.
ತಲೆಗೆ ನೂರು.

ಆಮೇಲೆ ಪ್ರಬಂಧ: ಈ ವಿಷಯವೇ ಯಾಕೆ, ಸಾವಿರ ಪದ ಮೀರದಂತೆ.
ಕಡಲದಂಡೆಯ ಎಂಜಿನಿಯರಿಂಗು,
ಕಡಲಿಗಿಂತ ತಗ್ಗಿನಲ್ಲಿ ಕೂತ ಒಂದು ದೇಶದಲ್ಲಿ.
ಮೊದಲ ಕರಡು 'ಬಾಲ್ಯದಿಂದಲೂ' ಎಂದು ಶುರುವಾಯಿತು.
ಎಲ್ಲರದೂ ಹಾಗೇ ಶುರುವಾಗುತ್ತದಂತೆ. ಅಳಿಸಿದೆ.
ಎರಡನೆಯದರಲ್ಲಿ ಅಲೆಯ ಎತ್ತರ, ಮರಳಿನ ಕಾಳಿನ ಗಾತ್ರ;
ಓದಿದರೆ ಉಪ್ಪೇ ಇಲ್ಲ.
ಮೂರನೆಯದರಲ್ಲಿ ಬರೆದೆ:
ಉಳ್ಳಾಲದ ಚಿಕ್ಕಮ್ಮನ ಬಾವಿಕಟ್ಟೆ ಈಗ ಕಡಲಿನೊಳಗುಂಟು.
ಪ್ರತಿ ಮಳೆಗಾಲ ಲಾರಿ ತಂದು ಕಲ್ಲು ಸುರಿಯುತ್ತಾರೆ,
ಪ್ರತಿ ಮಳೆಗಾಲ ಕಡಲು ಕಲ್ಲನ್ನು ಬಳಸಿ
ಪಕ್ಕದ ಮನೆಗೆ ಹೋಗುತ್ತದೆ.
ಕಲ್ಲು ಎಲ್ಲಿ ಹಾಕಬಾರದು ಎಂದು ಕಲಿಯಬೇಕು ನನಗೆ.
ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಏಳುನೂರು ಪದ ಬಾಕಿ ಇತ್ತು.

ಬ್ಯಾಂಕಿನಲ್ಲಿ ಖಾತೆಯ ಪತ್ರಕ್ಕೆ ಸೀಲು ಒತ್ತಿದವಳ
ಕುತ್ತಿಗೆಯ ಕಾರ್ಡಿನಲ್ಲಿ: ನಿಶ್ಮಿತಾ ಕೆ.
ಹಾಳೆಗಳನ್ನು ಎರಡು ಸಲ ತಿರುವಿ ನೋಡಿದಳು.
ನಿನ್ನ ಬಿ ಎಲ್ಲಿ ಹೋಯ್ತು ಮಾರಾಯ್ತಿ?
ಬೆಳೆಯಿತು, ಅಂದೆ.
ಅವಳ ಕೆ ಹಾಗೇ ಇತ್ತು, ಚುಕ್ಕಿ ಸಹ.
ಸೀಲು ಕೊಂಚ ಓರೆ ಬಿದ್ದಿತ್ತು.
ಇನ್ನೊಂದು ಪ್ರತಿ ತೆಗೆದು ನೇರ ಒತ್ತಿ ಕೊಟ್ಟಳು.

ಅರ್ಜಿಗೆ ನೂರು ಯೂರೋ.
ಅಮ್ಮ ಅದನ್ನು ಬಂಗುಡೆಯಲ್ಲಿ ಕೇಳಿದಳು.
ಎರಡೂವರೆ ಬುಟ್ಟಿ.
ಸೀಟು ಸಿಗದಿದ್ದರೆ ವಾಪಸು ಕೊಡ್ತಾರಾ?
ಇಲ್ಲ.
ಏಲಂ ಇದಕ್ಕಿಂತ ಒಳ್ಳೆಯದು, ಅಂದಳು,
ಅಲ್ಲಿ ಸೋತವರು ದುಡ್ಡು ಕೊಡುವುದಿಲ್ಲ.
ಹೇಳುತ್ತಲೇ ಸೊಂಟದ ಚೀಲ ಬಿಚ್ಚಿದಳು.

ಅವರ ನಡುರಾತ್ರಿಗೆ ಒಂದು ನಿಮಿಷ ಇರುವಾಗ ಬಾಗಿಲು ಮುಚ್ಚುತ್ತದೆ.
ನಮಗದು ಬೆಳಗಿನ ನಾಲ್ಕು ಇಪ್ಪತ್ತೊಂಬತ್ತು.
ಮನೆಯಲ್ಲಿ ನೆಟ್ ಕೈಕೊಟ್ಟಿತು;
ಫೋನ್ ಹಿಡಿದು ಅಮ್ಮನ ಹಿಂದೆಯೇ ದಕ್ಕೆಗೆ ಓಡಿದೆ.
ಐಸಿನ ಹೊಗೆ. ಟ್ಯೂಬ್‌ಲೈಟು. ಗಮ್‌ಬೂಟುಗಳ ನಡುವೆ
ಏಲಂ ಕೂಗುವವನ ಒಡಕು ಗಂಟಲು:
ಮೂರು ಐನೂರು, ಮೂರು ಆರುನೂರು…
ಪರದೆಯಲ್ಲಿ ಒಂದು ಬಿಳಿ ಉಂಗುರ ಸುತ್ತುತ್ತ, ಸುತ್ತುತ್ತ,
ಮೂರು ಏಳುನೂರು, ಒಂದು ಸಲ, ಎರಡು ಸಲ,
ಯಾರೋ ನನ್ನ ಕಾಲ ಮೇಲೆ ಬುಟ್ಟಿ ಎಳೆದು
ಮೂರು ಸಲ ಅನ್ನುವಷ್ಟರಲ್ಲಿ
ಹಸಿರಾಯಿತು.

ಕಣ್ಣು ಮಿಟುಕಿಸುವುದರೊಳಗೆ ಒಂದು ಮೇಲ್:
ಪ್ರಿಯ ಮಿಸ್ ಬೋಳೂರು.
ಯಂತ್ರ ಬರೆದದ್ದೆಂದು ಗೊತ್ತು.
ಆದರೂ ನಮ್ಮ ಓಣಿ, ಒಣಹಾಕಿದ ಬಲೆ,
ತುಕ್ಕು ಹಿಡಿದ ಬೋರ್‌ವೆಲ್ಲು, ಅದರ ಪಕ್ಕ ಮಲಗುವ ನಾಯಿ,
ಎಲ್ಲವನ್ನೂ ಒಟ್ಟಿಗೆ
ಯಾರೋ ಪ್ರಿಯ ಎಂದು ಕರೆದಂತಾಯಿತು.

ಅಮ್ಮ ಗೆದ್ದ ಬುಟ್ಟಿಯ ಮೇಲೆ ಐಸು ಸುರಿಯುತ್ತಿದ್ದಳು.
ಎಂಥ ಹೇಳಿದರು?
ತಲುಪಿತಂತೆ.
ಯಾರು?
ಬೋಳೂರು.
ಹ್ಞಾಂ, ಅಂದಳು. ಆ ಕಡೆ ಹಿಡಿ.
ಹಿಡಿದೆ. ಇಬ್ಬರೂ ಒಟ್ಟಿಗೆ ಎತ್ತಿದೆವು.
ತುಂಬ ಭಾರ ಇತ್ತು.