ವರ್ಷಕ್ಕೊಮ್ಮೆ, ನಾಲ್ಕು ಗಂಟೆ

ನಿಯಮ ಹೇಳುವುದು ಇಷ್ಟೇ: ವರ್ಷಕ್ಕೊಮ್ಮೆ, ನಾಲ್ಕು ಗಂಟೆ,
ಎಲ್ಲ ಸಿಬ್ಬಂದಿ, ಸಹಿ ಕಡ್ಡಾಯ.
ಯೆರೆವಾನಿನಿಂದ ನಸುಕಿನ ವ್ಯಾನು ಹಿಡಿದು
ಗ್ಯುಮ್ರಿಗೆ ಬಂದೆ. ಚೀಲದಲ್ಲಿ ನೇರಳೆ ದೀಪ,
ಒಂದು ಡಬ್ಬಿ ಪುಡಿ, ಮಗಳು ಸುತ್ತಿಕೊಟ್ಟ ರೊಟ್ಟಿ.

ಪುಡಿ ಕಣ್ಣಿಗೆ ಕಾಣದು, ವಾಸನೆಯಿಲ್ಲ.
ಬಾಗಿಲಾಚೆ ನಿಂತು ಅಂಗೈಗೆ ಸವರಿಕೊಂಡೆ.
ಹನ್ನೆರಡು ವರ್ಷದಿಂದ ಇದೇ ಸಣ್ಣ ಮೋಸ.

ಮೊದಲು ಡಾಕ್ಟರ್ ಹ್ರಾಚ್ಯಾ: ಗಟ್ಟಿ ಹಿಡಿತ,
ಕೈ ಬಿಡದೆಯೇ ಒಂದು ಜೋಕು ಮುಗಿಸಿದರು.
ಆಮೇಲೆ ಹೆರಿಗೆ ವಾರ್ಡಿನ ಝೆಪ್ಯುರ್, ತಬ್ಬಿಕೊಂಡಳು.
ಲ್ಯಾಬಿನ ಹುಡುಗ, ಬೆವೆತ ಬೆರಳು.
ಹಾಜರಿ ಪುಸ್ತಕ ಮಡಿಲಿಂದ ಮಡಿಲಿಗೆ,
ಎಲ್ಲರಿಗೂ ಒಂದೇ ಪೆನ್ನು. ಕಾಫಿ ಬಂತು,
ನಾನೇ ಬಟ್ಟಲು ದಾಟಿಸಿದೆ.

ಮೂರೂವರೆ ಗಂಟೆ ಹೇಳಿದ್ದನ್ನೇ ಹೇಳಿದೆ.
ರೋಗಿಯನ್ನು ಮುಟ್ಟುವ ಮೊದಲು. ಮುಟ್ಟಿದ ಮೇಲೆ.
ಮಂಚದ ಕಂಬಿ ಮುಟ್ಟಿದರೂ ಮುಟ್ಟಿದಂತೆಯೇ.
ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಬೇಡ.
ಗ್ಲೌಸಿದೆಯಲ್ಲ ಎಂಬ ಧೈರ್ಯ ಬೇಡ.
ಉಂಗುರ ತೆಗೆಯಿರಿ ಎಂದೆ. ಯಾರೂ ತೆಗೆಯಲಿಲ್ಲ.

ಆಮೇಲೆ ಪರದೆ ಎಳೆದು ದೀಪ ಹಚ್ಚಿದೆ.

ಅಯ್ಯೋ ಅಂದರು. ಪ್ರತಿ ವರ್ಷ ಅನ್ನುತ್ತಾರೆ.
ಡಾಕ್ಟರ ಮೀಸೆಯಲ್ಲಿ ಹಸಿರು ಮಿಣುಕು,
ಝೆಪ್ಯುರಳ ಬೆನ್ನ ಮೇಲೆ ನನ್ನ ಐದೂ ಬೆರಳು,
ಬಟ್ಟಲ ಅಂಚು, ಫೋನು, ಫೋನಿನೊಳಗೆ ನಗುವ
ಯಾರದೋ ಕೂಸಿನ ಕೆನ್ನೆ.
ಪೆನ್ನಂತೂ ಉರಿಯುವ ಕೊಳ್ಳಿ.

ಸಾಲು ಹಿಡಿದು ಕೈ ನೋಡುತ್ತ ಹೋದೆ.
ಬಾಗಿಲ ಪಕ್ಕ, ಕೊನೆಯ ಕುರ್ಚಿಯಲ್ಲಿ
ಎರಡು ಕೈ. ಕಪ್ಪು. ಚುಕ್ಕೆಯೂ ಇಲ್ಲ.
ಕ್ಲೋರಿನ್ ತಿಂದ ಉಗುರು, ಬಿರಿದ ಗೆಣ್ಣು.

ಇವರೊಬ್ಬರೇ ಪಾಸು ನೋಡಿ, ಎಂದೆ.
ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ ಆಕೆ,
ದೂರುವ ದನಿಯಲ್ಲ, ಬಕೆಟ್ಟು ಎಲ್ಲಿದೆಯೆಂದು
ತಿಳಿಸುವ ದನಿಯಲ್ಲಿ:
ನನ್ನ ಕೈ ಯಾರೂ ಕುಲುಕಲಿಲ್ಲವಲ್ಲ.
ಸಹಿ ಅವರೇ ಹಾಕಿಕೊಳ್ಳುತ್ತಾರೆ.
ಕಾಫಿ ನಾನು ಮನೆಯಿಂದ ತರುತ್ತೇನೆ.

ಹೆಸರು ಕೇಳಿದೆ. ಪೈತ್ಸಾರ್.
ನಮ್ಮ ಮಾತಿನಲ್ಲಿ, ಹೊಳೆಯುವವಳು.

ಹನ್ನೆರಡು ವರ್ಷ. ಎಷ್ಟು ಆಸ್ಪತ್ರೆ,
ಬಾಗಿಲ ಪಕ್ಕ ಎಷ್ಟು ಕುರ್ಚಿ.
ಅಂಟು ಎಲ್ಲೆಲ್ಲಿ ಹೋಯಿತೆಂದು ತೋರಿಸುತ್ತಲೇ ಬಂದೆ;
ನಂಟು ಎಲ್ಲಿಗೆ ನಿಂತಿತೆಂದು
ಅದೇ ದೀಪ ತೋರಿಸುತ್ತಿತ್ತು.

ಕೈ ಚಾಚಿದೆ.
ನೇರಳೆ ಬೆಳಕಲ್ಲಿ ಅದು ಮಣಿಕಟ್ಟಿನವರೆಗೂ ಉರಿಯುತ್ತಿತ್ತು.
ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು.
ಮೊದಲು ತೊಳೆದುಕೊಳ್ಳಿ, ಅಂದಳು. ನಲವತ್ತು ಸೆಕೆಂಡು.
ನೀವೇ ಹೇಳಿದ್ದು.

ನಲ್ಲಿಯಲ್ಲಿ ಗ್ಯುಮ್ರಿಯ ಜನವರಿ.
ಪಕ್ಕದಲ್ಲಿ ನಿಂತು ಎಣಿಸತೊಡಗಿದಳು.
ಮೂವತ್ತೊಂದಕ್ಕೆ ನಿಲ್ಲಿಸಿ,
ಹೆಬ್ಬೆರಳು ಬಿಟ್ಟಿರಿ, ಅಂದಳು.
ಮತ್ತೆ ಒಂದರಿಂದ.