ಸೀಮೆಸುಣ್ಣ

ನೀಲಿ ಬಾಣವಿದ್ದರೆ ಕುದುರೆ ಹೋಗಬಹುದು, ಸೈಕಲ್ಲೂ.
ಹಳದಿ ಬಾಣವಿದ್ದರೆ ಕಾಲು ಮಾತ್ರ.
ಮರದ ಗೂಟಕ್ಕೆ ಹೊಡೆದ ಅಂಗೈಯಗಲದ ಬಿಲ್ಲೆ;
ವಿಲ್ಟ್‌ಶೈರಿನ ಈ ಗುಡ್ಡದ ಮೇಲೆ
ಅದೇ ಕಾಯ್ದೆ, ಅದೇ ಪೊಲೀಸು.

ಹೆಸ್ಟರ್ ಪಿನ್ನಕ್ ಮುಂದೆ, ನಾನು ಹಿಂದೆ.
ಆಕೆಗೆ ಎಪ್ಪತ್ತೊಂದು, ನನಗೆ ಮೂವತ್ನಾಲ್ಕು.
ಏದುಸಿರು ಮಾತ್ರ ನನ್ನದು.
ದಪ್ಪ ಟೈರು, ಬಾಗಿದ ಹ್ಯಾಂಡಲ್ಲು,
ಚೀಲದಲ್ಲಿ ಫ್ಲಾಸ್ಕು,
ಮಡಿಸಿ ಮಡಿಸಿ ಮಡಿಕೆಯಲ್ಲೇ ಹರಿದ ನಕ್ಷೆ.
ಜಲ್ಲಿ ಮುಗಿದು ಚಕಮಕಿ ಕಲ್ಲು, ಅದೂ ಮುಗಿದು
ಬರೀ ಬಿಳಿ:
ಮಳೆಗೆ ಮೊಸರು, ಬಿಸಿಲಿಗೆ ಎಲುಬು.

ಮೂವತ್ತು ವರ್ಷ ಕರಿಹಲಗೆಯ ಮೇಲೆ
ನದಿ ಬರೆದು ನದಿ ಒರೆಸಿದ ಭೂಗೋಳದ ಟೀಚರು.
"ಆಗ ಕೈಗೆ ಅಂಟುತ್ತಿತ್ತು, ಈಗ ಕಾಲಿಗೆ" ಅನ್ನುತ್ತಾಳೆ.
ಕನ್ನಡ ಇದನ್ನು ಸೀಮೆಸುಣ್ಣ ಎನ್ನುತ್ತದೆ.
ಸೀಮೆಗೇ ಬಂದು ನೋಡಿದರೆ
ಇದು ಬರೀ ನೆಲ.

ಸೀಮೆ ಅಂದರೆ ಗಡಿಯೂ ತಾನೆ.
ಮುಳ್ಳುಬೇಲಿ ತಿರುಗುವಲ್ಲಿ ಅದೂ ಬಂತು.
ಕಲ್ಲಿಲ್ಲ, ಗೆರೆಯಿಲ್ಲ,
ಗೂಟದ ಮೇಲಿನ ನೀಲಿ ಹಳದಿಯಾಯಿತು, ಅಷ್ಟೆ.
ದಾರಿ ಅದೇ, ಅಗಲ ಅದೇ,
ಗಾಡಿಚಕ್ರ ಕೊರೆದ ಜೋಡಿ ಪಡಿಯಚ್ಚು
ಆಚೆಗೂ ಹಾಗೇ ಹೋಗಿದೆ.

ಐವತ್ತೊಂದರಲ್ಲಿ ಊರೂರಿಗೆ ನಮೂನೆ ಕಳಿಸಿ
ದಾರಿಗಳ ಜಾತಿ ಬರೆಸಿಕೊಂಡರಂತೆ.
ಈಚೆಯೂರಿನ ಪಾದ್ರಿ 'ಕುದುರೆದಾರಿ' ಅಂತ ಬರೆದ.
ಆಚೆಯೂರಿನ ಎಬೆನೀಜರ್ ಲವ್‌ಲಾಕ್
(ಪಾದ್ರಿಯ ಕುದುರೆ ಅವನ ಅವರೆ ಹೊಲ ತುಳಿದಿತ್ತು)
'ಕಾಲುದಾರಿ' ಅಂತ ಬರೆದ, ನಿಬ್ಬು ಒತ್ತಿ.
ಅವರೆ ಗೊಬ್ಬರವಾಯಿತು. ಕುದುರೆ ಸತ್ತಿತು.
ಇಬ್ಬರೂ ತಂತಮ್ಮ ಊರಿನ ಹುಲ್ಲಿನಡಿ ಮಲಗಿದರು.
ಮಸಿ ಮಾತ್ರ ಇನ್ನೂ ಎದ್ದು ಕಾವಲು ಕೂತಿದೆ.

ಇಲ್ಲಿ ಇಳಿದು, ಸೈಕಲ್ಲನ್ನು ಹಸುವಿನಂತೆ
ನಡೆಸಿಕೊಂಡು ಹೋಗುವವರನ್ನು ಕಂಡಿದ್ದೇನೆ.
ಹೆಸ್ಟರ್ ಇಳಿಯುವುದಿಲ್ಲ.
ಎಂಟು ವರ್ಷದಿಂದ, ಪ್ರತಿ ಗುರುವಾರ.

ಇವತ್ತು ಗೇಟಿನ ಬಳಿ ಎಬೆನೀಜರನ ಮೊಮ್ಮಗ ಗಾರ್ತ್,
ಈ ವಸಂತದಲ್ಲಷ್ಟೇ ಜಮೀನು ಕೈಗೆ ಬಂದವನು,
ಆಕೆಯ ತರಗತಿಯಲ್ಲಿ ಕಿಟಕಿ ಪಕ್ಕ ಕೂತವನು.
ಚಿಲಕ ತೆಗೆದ, ಟೋಪಿಯನ್ನೂ:
"ಧಾರಾಳವಾಗಿ ಹೋಗಿ ಮಿಸ್, ನನ್ನದೇನೂ..."
"ಬಾಯಿ ಮುಚ್ಚು, ಗಾರ್ತ್!"
ಕುರಿಗಳೂ ಮೇವು ನಿಲ್ಲಿಸಿದವು.

"ನೀನು ಹೋಗು ಅಂದರೆ ಅದು ನಿನ್ನ ದೊಡ್ಡಸ್ತಿಕೆ.
ಬೇಡ ಅಂದ ಮೇಲೂ ಹೋದರೆ ಅದು ನನ್ನ ಪುಂಡಾಟ.
ಕದ್ದು ಹೋದರೆ ಕಳ್ಳತನ.
ಇಪ್ಪತ್ತು ವರ್ಷ, ಯಾರನ್ನೂ ಕೇಳದೆ,
ಯಾರೂ ಕೊಡದೆ, ಹಾಡಹಗಲೇ ಹೋದರೆ
ಆಗ ಅದು ದಾರಿ."

ಇಪ್ಪತ್ತರಲ್ಲಿ ಎಂಟು ಕಳೆದು
ಎಪ್ಪತ್ತೊಂದಕ್ಕೆ ಕೂಡಿಸಿದರೆ...
ಲೆಕ್ಕ ಗಾರ್ತನ ಮುಖದಲ್ಲಿ ಕಂಡಿತು,
ಬಾಯಿಗೆ ಬರಲಿಲ್ಲ.
ಚಿಲಕ ತಿರುಗಿ ಹಾಕಿದ. ಬೆನ್ನು ಮಾಡಿ ನಿಂತು
ಕುರಿ ಎಣಿಸತೊಡಗಿದ, ಗಟ್ಟಿಯಾಗಿ.

ಹೆಸ್ಟರ್ ತಾನೇ ಚಿಲಕ ತೆಗೆದಳು.
ಕದ್ದದ್ದಲ್ಲವೆಂದು ಕೌಂಟಿಗೆಲ್ಲ ಕೇಳಲಿ ಅಂತ
ಬೆಲ್ಲು ಬಾರಿಸುತ್ತ ಬಾರಿಸುತ್ತ ಹೋದಳು,
ತುರಿಕೆ ಗಿಡ ಮೊಣಕಾಲು ಸವರಿದರೂ ನಿಲ್ಲಿಸದೆ.
ಹಿಂದಿನಿಂದ "ನಲವತ್ತಮೂರು, ನಲವತ್ತಮೂರು..."
ಒಂದೇ ಕುರಿಯಲ್ಲಿ ಸಿಕ್ಕಿಕೊಂಡಿದ್ದ.

ಇಳಿಜಾರಿನಲ್ಲಿ ಚಕಮಕಿಯೊಂದು ನನ್ನ ಟೈರು ಚುಚ್ಚಿತು.
ಒಳಗಿನ ಬಿಳಿ ಅಂಟುಹಾಲು ಉಕ್ಕಿ, ಚೆಲ್ಲಿ,
ಹೆಪ್ಪುಗಟ್ಟಿ ತೂತು ತಾನೇ ಮುಚ್ಚಿಕೊಂಡಿತು.
ಅಲ್ಲೇ ಕೂತು ಚಹಾ ಕುಡಿದೆವು.
ಹೆಸ್ಟರ್ ಜೇಬಿನಿಂದ ನೋಟ್‌ಪುಸ್ತಕ ತೆಗೆದು
ತಾರೀಖು ಬರೆದಳು, ಗಂಟೆ,
ಗಾಳಿ ಯಾವ ಕಡೆಯದು.
ಆಮೇಲೆ ಪುಸ್ತಕ ನನ್ನತ್ತ ತಳ್ಳಿ
"ನಿನ್ನ ಹೆಸರೂ ಹಾಕು" ಅಂದಳು,
"ಹುಟ್ಟಿದ ವರ್ಷ ಬರೆಯುವುದು ಮರೆಯಬೇಡ."