ಉದ್ಭವಿಸುವುದಿಲ್ಲ

ಹನ್ನೊಂದಕ್ಕೆ ದಿಲ್ಲಿಯಲ್ಲಿ ಪ್ರಶ್ನೆಯ ವೇಳೆ,
ಗೋಣಿಕೊಪ್ಪದ ನಮ್ಮ ಮಂಡಿಯಲ್ಲಿ
ಕಾಳುಮೆಣಸಿನ ವೇಳೆ.
ಗೋಡೆಯ ಮೇಲೆ ದೂಳು ಹಿಡಿದ ಟೀವಿ,
ಅದರ ಕೆಳಗೆ ನಾನು,
ನನ್ನ ಮುಂದೆ ತೇವ ಅಳೆಯುವ ಯಂತ್ರ.

ಹಿಡಿ ಮೆಣಸು ಸುರಿದರೆ ಅದು
ಒಂದು ಅಂಕಿ ಹೇಳಿ ಸುಮ್ಮನಾಗುತ್ತದೆ.
ಯಾರ ತೋಟ, ಯಾವ ಮನೆ, ಯಾವ ಗುರುತಿಗೆ ವೋಟು,
ಕೇಳುವುದಿಲ್ಲ.
ಕೇಳುವವರು ನಾವು.

ಪೂವಯ್ಯ ಬಂದರು, ಮೂರು ಮೂಟೆ.
ಹಿಂದೆಯೇ ಅವರ ಭಾವ ಅಯ್ಯಣ್ಣ, ಎರಡೂವರೆ.
ಒಂದೇ ಜೀಪಿನಲ್ಲಿ ಬಂದವರು
ಟೀವಿ ಕಂಡದ್ದೇ ಎರಡು ಬೆಂಚು ಹಿಡಿದರು.

ಚುಕ್ಕೆ ಗುರುತಿನ ಪ್ರಶ್ನೆ. ಮಂತ್ರಿ ಎದ್ದರು,
ಕಾಗದ ಮಗುಚಿದರು, ನಡುವೆ ನಿಲ್ಲಿಸಿ
ಲೋಟ ಎತ್ತಿ ಎರಡು ಗುಟುಕು ನೀರು ಕುಡಿದರು.

"ನೋಡಿದ್ಯಾ, ಗಂಟಲು ಒಣಗಿತು," ಅಯ್ಯಣ್ಣ ಎದ್ದೇ ಬಿಟ್ಟರು,
"ಉತ್ತರ ಗೊತ್ತಿಲ್ಲದವ ಕುಡಿಯೋ ನೀರು ಅದು."
"ನೋಡಿದ್ಯಾ, ಏನು ತಾಳ್ಮೆ," ಪೂವಯ್ಯ ಕಾಲ ಮೇಲೆ ಕಾಲು ಹಾಕಿದರು,
"ನಿಮ್ಮವ ಆಗಿದ್ದರೆ ಲೋಟ ಎಸೀತಿದ್ದ."

ಆಮೇಲೆ ನಿಮ್ಮವ ಎದ್ದ, ಉಪಪ್ರಶ್ನೆಗೆ.
ಒಬ್ಬರಿಗೆ ಅದು ಹುಲಿಯ ಗರ್ಜನೆ,
ಇನ್ನೊಬ್ಬರಿಗೆ ಸಂತೆಯಲ್ಲಿ ತಾಯಿ ತಪ್ಪಿದ ಕರು.
ನಡುವೆ ಮೈಕು ಸತ್ತಿತು.
"ಬೇಕೆಂತಲೇ ಆರಿಸಿದ್ದು!"
"ಮೈಕಿಗೂ ಸಾಕಾಗಿರಬೇಕು."

"ಕಾಲು ತೆಗೀರಿ ಸ್ವಲ್ಪ," ಎಂದ ಹಂಸ,
ಮೂಟೆಗೆ ಕೊಕ್ಕೆ ಹಾಕುತ್ತ.
ಇಬ್ಬರೂ ಒಟ್ಟಿಗೆ ಕಾಲು ತೆಗೆದರು.
ಅಂದು ಅವರು ಒಟ್ಟಿಗೆ ಮಾಡಿದ್ದು ಅಷ್ಟೇ.

ಇಬ್ಬರಿಗೂ ಅದೇ ದರ,
ಸೋಮವಾರಕ್ಕಿಂತ ಕಿಲೋಗೆ ಹನ್ನೊಂದು ರೂಪಾಯಿ ಕಮ್ಮಿ.
ಯಾರಿಂದ ಕಮ್ಮಿ ಎಂಬ ಜಗಳ
ಜೀಪು ಹತ್ತಿತು, ಪೊನ್ನಂಪೇಟೆ ತಿರುವಿನವರೆಗೂ ಕೇಳಿಸಿತು.

ಪ್ರಶ್ನೆ ಏನಿತ್ತು?
ಮರುದಿನದ ಪೇಪರು, ಏಳನೇ ಪುಟ,
ಶ್ರದ್ಧಾಂಜಲಿಯ ಫೋಟೋಗಳ ಕೆಳಗೆ ನಾಲ್ಕು ಸಾಲು:
ಹಡಗಿನಲ್ಲಿ ಹೊರಗಿನ ಮೆಣಸು ಬರುತ್ತಿದೆಯೇ?
ಮಾಹಿತಿ ಸಂಗ್ರಹಿಸಲಾಗುತ್ತಿದೆ.
ಬಂದಿದ್ದರೆ, ಇಲ್ಲಿನ ಬೆಳೆಗಾರರಿಗೆ ಏನು ಪರಿಹಾರ?
ಪ್ರಶ್ನೆ ಉದ್ಭವಿಸುವುದಿಲ್ಲ.

ಮೆಣಸಿನ ಪ್ರಶ್ನೆ.
ಐದೂವರೆ ಮೂಟೆ ಮೆಣಸಿನ ನಡುವೆ ಕೂತು
ಮೂವರೂ ಕೇಳಿಸಿಕೊಳ್ಳಲಿಲ್ಲ.
ನಾನು ಲೋಟ ನೋಡುತ್ತಿದ್ದೆ.

ಉದ್ಭವ ಎಂಬ ಮಾತು ನಮಗೇನು ಹೊಸದೇ?
ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ
ಕುಂಡಿಕೆಯ ಸುತ್ತ ಉಸಿರು ಹಿಡಿದ ಜನ.
ಪೊರೆ ಬಂದ ಕಣ್ಣಿನ ನನ್ನ ಅವ್ವ
ಎಲ್ಲರಿಗಿಂತ ಮೊದಲು ಕೂಗಿದಳು:
"ಬಂತು, ಗುಳ್ಳೆ ಬಂತು, ಕಂಡೆಯಾ ದೇಚೂ?"
ನನಗೆ ಕಂಡದ್ದು ಮುಂದಿನವರ ಹೆಗಲು,
ಯಾರದೋ ಒದ್ದೆ ಕೊಡೆ.
ಕಂಡೆ ಅವ್ವ, ಎಂದೆ.
ಅದು ಸುಳ್ಳು ಅಂತ ಇವತ್ತಿಗೂ ಅನ್ನಿಸಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ.
ಹೋದ ಸಲ ನಮ್ಮವರು ಗೆದ್ದ ಮಾರನೆಯ ದಿನ
(ನಮ್ಮವರು ಅಂದೆ, ನೋಡಿ)
ಕೊರಳಲ್ಲಿ ಇನ್ನೂ ಬಣ್ಣದ ಶಾಲು ಇದ್ದವರೊಬ್ಬರ ಮೆಣಸಿಗೆ
ಯಂತ್ರ ಹನ್ನೆರಡೂವರೆ ಅಂದಿತು.
ನನ್ನ ಪೆನ್ನು ಹನ್ನೆರಡು ಬರೆಯಿತು.
ಅರೆ ಪಾಯಿಂಟು.
ಲೆಕ್ಕದ ಪುಸ್ತಕದಲ್ಲಿ ಆ ಪುಟ ಈಗಲೂ ಇದೆ,
ನನ್ನದೇ ಅಕ್ಷರ, ಬಹಳ ಅಂದವಾಗಿ.

ಸಾಯಂಕಾಲ ಟೀವಿ ಆರಿಸಿ
ಯಂತ್ರದ ಬಟ್ಟಲು ಒರೆಸಿದೆ.
ಮೂಲೆಯಲ್ಲಿ ಒಂದು ಕಾಳು ಅಂಟಿತ್ತು.
ಪೂವಯ್ಯರದೋ, ಅಯ್ಯಣ್ಣರದೋ.
ಬಾಯಿಗೆ ಹಾಕಿಕೊಂಡು ಕಡಿದೆ.
ಶಟರು ಎಳೆಯುವ ತನಕ
ನೀರು ಕುಡಿಯಲಿಲ್ಲ.